ಅಂಗಿ ಬದಲಾದರೆ ಅಭಿಮಾನಿ ಕನಲುವುದೇಕೆ?

ಪ್ರತಿ ವರ್ಷವೂ ಬೇಸಗೆ ಬಂತೆಂದರೆ ಇಂಗ್ಲೆಂಡಿನ ಫುಟ್‌ಬಾಲ್ ಕ್ಲಬ್ಬುಗಳು ಮುಂದಿನ ಋತುವಿನ ಅಂಗಿಯನ್ನು ಹೊರತರುತ್ತವೆ. ಆಟಗಾರರು ಅದನ್ನು ತೊಟ್ಟು ಮೈದಾನಕ್ಕೆ ಇಳಿಯುವ ಮೊದಲೇ ಅದರ ಪಡಿಯಚ್ಚಿನಂತಹ ಅಂಗಿಗಳು ಅಂಗಡಿಗಳಲ್ಲಿ ತೂಗಾಡತೊಡಗುತ್ತವೆ. ಕೂಡಲೇ ಗದ್ದಲವೂ ಆರಂಭವಾಗುತ್ತದೆ. ಕೊರಳಪಟ್ಟಿ ಚೆನ್ನಾಗಿಲ್ಲವೆಂದು ಒಬ್ಬನ ದೂರು. ಪಟ್ಟೆಗಳು ತೀರ ಸಣ್ಣವಾದುವೆಂದು ಇನ್ನೊಬ್ಬನದು. ಇದು ನಮ್ಮ ನೀಲಿಯೇ ಅಲ್ಲವೆಂದು ಮತ್ತೊಬ್ಬನದು. ಹೀಗೆ ಸಿಟ್ಟಾಗುವವರು ಹುಡುಗರು ಮಾತ್ರವೇ ಎಂದರೆ ಹಾಗೂ ಅಲ್ಲ. ಮೊಮ್ಮಕ್ಕಳನ್ನು ಎತ್ತಿದ ಅಜ್ಜಂದಿರೂ ಅವರಲ್ಲಿ ಇರುತ್ತಾರೆ. ಹೊರಗಿನಿಂದ ನೋಡುವವರಿಗೆ ಇದೊಂದು ನಗೆಪಾಟಲು. ಅಂಗೈಯಗಲದ ಬಟ್ಟೆಗೆ ಇಷ್ಟು ರಂಪವೇ ಎಂದು ಅವರು ಕೇಳುತ್ತಾರೆ.

ವಿಜ್ಞಾನದ ಪತ್ರಿಕೆಯಲ್ಲಿ ಆಟದ ಅಂಗಿಯ ಮಾತೇಕೆ ಎಂದು ವಾಚಕರೂ ಕೇಳಬಹುದು. ಮನುಷ್ಯನ ಕಣ್ಣು ಬಣ್ಣವನ್ನು ಹೇಗೆ ಗ್ರಹಿಸುತ್ತದೆ, ಬಟ್ಟೆಯ ಎಳೆ ಬಣ್ಣವನ್ನು ಹೇಗೆ ಹಿಡಿದಿಡುತ್ತದೆ, ಒಂದು ಬಣ್ಣದ ಸುತ್ತ ಜನ ಹೇಗೆ ಒಂದುಗೂಡುತ್ತಾರೆ, ಈ ಮೂರು ಪ್ರಶ್ನೆಗಳೂ ಆ ಒಂದು ಅಂಗಿಯಲ್ಲಿ ಹೆಣೆದುಕೊಂಡಿವೆ. ಇವನ್ನು ವಿಚಾರಿಸಿ ನೋಡಿದರೆ ಅಭಿಮಾನಿಯ ಕೋಪ ಅಷ್ಟೇನೂ ಹಾಸ್ಯಾಸ್ಪದವಲ್ಲವೆಂದೇ ನನಗೆ ತೋರುತ್ತದೆ. ಆದರೆ ಆ ಕೋಪ ಒಂದೇ ಜಾತಿಯದಲ್ಲ, ಎರಡು ಜಾತಿಯದು. ಅವೆರಡನ್ನೂ ಬೇರ್ಪಡಿಸಿ ನೋಡದೆ ನಗುವುದೂ ತಪ್ಪು, ಕಣ್ಣುಮುಚ್ಚಿ ಸಮರ್ಥಿಸುವುದೂ ತಪ್ಪು.

ಗುಂಪಿನ ಆಟದಲ್ಲಿ ಅಂಗಿಯ ಮೊದಲನೆಯ ಕೆಲಸ ಗುರುತು ಹಿಡಿಸುವುದು. ನಮ್ಮ ಕಣ್ಣಿನ ಅಕ್ಷಿಪಟದಲ್ಲಿ ನಡುವಿನ ಒಂದು ಚಿಕ್ಕ ಭಾಗ ಮಾತ್ರವೇ ಸೂಕ್ಷ್ಮ ವಿವರಗಳನ್ನು ಸ್ಪಷ್ಟವಾಗಿ ಕಾಣಬಲ್ಲದು; ಕೈಚಾಚಿ ಹಿಡಿದ ಹೆಬ್ಬೆರಳಿನ ಉಗುರಿನಷ್ಟೇ ಅದರ ವ್ಯಾಪ್ತಿ. ಅದರ ಆಚೆಗೆ ಕಾಣುವುದೆಲ್ಲ ಮಸುಕು. ಓಡುತ್ತಿರುವ ಆಟಗಾರ ತನ್ನವನ ಮುಖವನ್ನು ನೋಡಿ ಚೆಂಡನ್ನು ಒದೆಯುವುದಿಲ್ಲ. ಕಣ್ಣಂಚಿನಲ್ಲಿ ಹೊಳೆದ ಒಂದು ಬಣ್ಣದ ತುಣುಕನ್ನು ನಂಬಿ ಒದೆಯುತ್ತಾನೆ. ಆ ಬಣ್ಣ ಹಿನ್ನೆಲೆಯಿಂದ ಬೇರೆಯಾಗಿ ಎದ್ದು ಕಾಣದಿದ್ದರೆ ತೊಂದರೆ ತಪ್ಪದು.

1996ರ ಏಪ್ರಿಲ್ 13ರಂದು ಮ್ಯಾಂಚೆಸ್ಟರ್ ಯುನೈಟೆಡ್ ತಂಡ ಸೌತಾಂಪ್ಟನ್ ನಗರದಲ್ಲಿ ಬೂದು ಬಣ್ಣದ ಅಂಗಿ ತೊಟ್ಟು ಆಡಿತು. ಅರ್ಧ ಆಟ ಮುಗಿಯುವ ವೇಳೆಗೆ 3–0 ಗೋಲುಗಳಿಂದ ಹಿಂದೆ ಬಿದ್ದಿತ್ತು. ವಿರಾಮದಲ್ಲಿ ವ್ಯವಸ್ಥಾಪಕ ಅಲೆಕ್ಸ್ ಫರ್ಗುಸನ್ ಎಲ್ಲರ ಅಂಗಿಯನ್ನೂ ಕಳಚಿಸಿ ನೀಲಿ ಬಿಳುಪಿನ ಬೇರೆ ಅಂಗಿ ತೊಡಿಸಿದರು. ಜನರಿಂದ ಕಿಕ್ಕಿರಿದ ಮೆಟ್ಟಲುಗಳ ಹಿನ್ನೆಲೆಯಲ್ಲಿ ಬೂದು ಅಂಗಿಯವರು ಒಬ್ಬರಿಗೊಬ್ಬರು ಕಾಣುತ್ತಿರಲಿಲ್ಲವೆಂದು ಅವರು ಕಾರಣ ಕೊಟ್ಟರು. ಉತ್ತರಾರ್ಧದಲ್ಲಿ ಯುನೈಟೆಡ್ ಒಂದು ಗೋಲು ಹೊಡೆಯಿತು; ಪಂದ್ಯ 3–1ರಿಂದ ಸೋತಿತು. ಕುಣಿಯಲಾರದವಳು ನೆಲ ಡೊಂಕೆಂದಳು ಎಂಬ ಗಾದೆಯನ್ನು ನೆನೆದು ನಕ್ಕವರೇ ಹೆಚ್ಚು. ಒಂದು ಪಂದ್ಯದಿಂದ ಏನನ್ನೂ ಸಿದ್ಧಪಡಿಸಲಾಗದು, ನಿಜ. ಆದರೂ ಆ ವಾದದಲ್ಲಿ ದೃಷ್ಟಿಶಾಸ್ತ್ರಕ್ಕೆ ವಿರುದ್ಧವಾದುದು ಏನೂ ಇರಲಿಲ್ಲ. ಆ ಬೂದು ಅಂಗಿಯನ್ನು ಕ್ಲಬ್ಬು ಮತ್ತೆ ತೊಡಲಿಲ್ಲ. ಅದನ್ನು ಹಣ ಕೊಟ್ಟು ಕೊಂಡಿದ್ದ ಅಭಿಮಾನಿಗಳ ಪಾಡನ್ನು ಮಾತ್ರ ಯಾರೂ ವಿಚಾರಿಸಿದಂತೆ ಕಾಣೆ.

ಆಟಗಾರನಿಗೆ ಅಂಗಿ ಬೇಕಾದುದು ಗುರುತಿಗಾಗಿ. ಆಡದೆ ಕುಳಿತು ನೋಡುವವನಿಗೆ ಅದು ಏಕೆ ಬೇಕು? ಇಲ್ಲಿ ನಾವು ಕಣ್ಣನ್ನು ಬಿಟ್ಟು ಮನಸ್ಸಿನ ಕಡೆಗೆ ಹೊರಳಬೇಕು.

ಹೆನ್ರಿ ತಾಜ್‌ಫೆಲ್ ಎಂಬ ಮನಶ್ಶಾಸ್ತ್ರಜ್ಞ ಬ್ರಿಸ್ಟಲ್ ನಗರದಲ್ಲಿ ಹದಿನಾಲ್ಕು ಹದಿನೈದರ ಶಾಲಾಬಾಲಕರ ಮೇಲೆ ನಡೆಸಿದ ಪ್ರಯೋಗಗಳ ವಿವರವನ್ನು 1970ರಲ್ಲಿ ಪ್ರಕಟಿಸಿದ. ಹುಡುಗರಿಗೆ ಕ್ಲೀ ಮತ್ತು ಕ್ಯಾಂಡಿನ್‌ಸ್ಕಿ ಎಂಬ ಇಬ್ಬರು ಚಿತ್ರಕಾರರ ಚಿತ್ರಗಳನ್ನು ತೋರಿಸಿ, ಯಾರಿಗೆ ಯಾವುದು ಮೆಚ್ಚುಗೆಯೆಂದು ಕೇಳಿ, ಅದರಂತೆ ಎರಡು ಗುಂಪು ಮಾಡಿರುವುದಾಗಿ ಹೇಳಲಾಯಿತು. ವಾಸ್ತವವಾಗಿ ಗುಂಪು ಮಾಡಿದ್ದು ಮನಸ್ಸಿಗೆ ಬಂದಂತೆ. ತನ್ನ ಗುಂಪಿನಲ್ಲಿ ಇನ್ನಾರಿದ್ದಾರೆಂಬುದೂ ಯಾವ ಹುಡುಗನಿಗೂ ತಿಳಿದಿರಲಿಲ್ಲ. ಆಮೇಲೆ, ಹೆಸರು ಗೊತ್ತಿಲ್ಲದ ಇತರ ಹುಡುಗರಿಗೆ ಸ್ವಲ್ಪ ಸ್ವಲ್ಪ ಹಣ ಹಂಚುವಂತೆ ಪ್ರತಿಯೊಬ್ಬನಿಗೂ ಹೇಳಿದರು. ಹುಡುಗರು ತಮ್ಮ ಗುಂಪಿನವನಿಗೇ ಹೆಚ್ಚು ಕೊಟ್ಟರು. ಅದಕ್ಕಿಂತ ವಿಚಿತ್ರವಾದ ಸಂಗತಿ ಇನ್ನೊಂದುಂಟು. ಇಬ್ಬರಿಗೂ ಹೆಚ್ಚು ಸಿಗುವ ಹಂಚಿಕೆಯನ್ನು ಬಿಟ್ಟು, ತಮ್ಮವನಿಗೆ ಕೊಂಚ ಕಡಮೆಯಾದರೂ ಎದುರಿನವನಿಗಿಂತ ಹೆಚ್ಚಾಗಿರುವ ಹಂಚಿಕೆಯನ್ನೇ ಅನೇಕ ಸಲ ಆರಿಸಿಕೊಂಡರು. ಕಂಡು ಕೇಳದವರ ನಡುವೆ, ಅರ್ಧ ಗಂಟೆಯ ಹಿಂದೆ ಹುಟ್ಟಿದ ಹೆಸರುಮಾತ್ರದ ಗುಂಪಿಗೆ ಇಷ್ಟು ಬಲವಿದ್ದರೆ, ತಂದೆಯ ಹೆಗಲ ಮೇಲೆ ಕುಳಿತು ಮೊದಲ ಪಂದ್ಯ ನೋಡಿದ ದಿನದಿಂದ ಬೆಳೆದ ಗುಂಪಿಗೆ ಎಷ್ಟಿರಬೇಡ?

ಈ ಗುಂಪಿಗೆ ಅಂಗಿಯೇ ಕಣ್ಣಿಗೆ ಕಾಣುವ ಕುರುಹು ಎಂಬುದನ್ನು ಲ್ಯಾಂಕಸ್ಟರ್ ವಿಶ್ವವಿದ್ಯಾನಿಲಯದ ಮಾರ್ಕ್ ಲಿವೈನ್ ಮತ್ತು ಅವನ ಸಂಗಡಿಗರು ಒಂದು ಸರಳ ಪ್ರಯೋಗದಿಂದ ತೋರಿಸಿದರು. ಅದು ಪ್ರಕಟವಾದದ್ದು 2005ರಲ್ಲಿ. ಮ್ಯಾಂಚೆಸ್ಟರ್ ಯುನೈಟೆಡ್ ಕ್ಲಬ್ಬಿನ ಅಭಿಮಾನಿಗಳಾದ ವಿದ್ಯಾರ್ಥಿಗಳನ್ನು ಒಬ್ಬೊಬ್ಬರನ್ನಾಗಿ ಕರೆದು, ತಮ್ಮ ಕ್ಲಬ್ಬಿನ ಬಗ್ಗೆ ಕೆಲವು ಪ್ರಶ್ನೆಗಳಿಗೆ ಉತ್ತರ ಬರೆಸಿ, ಪಕ್ಕದ ಕಟ್ಟಡಕ್ಕೆ ಹೋಗಲು ಹೇಳುತ್ತಿದ್ದರು. ದಾರಿಯಲ್ಲಿ ಒಬ್ಬ ಓಡುತ್ತ ಬಂದು ಜಾರಿಬಿದ್ದು ಕಾಲುಗಂಟು ಹಿಡಿದು ನರಳುತ್ತಿದ್ದ. ಅವನು ಪ್ರಯೋಗಕಾರರ ಕಡೆಯವನೇ. ಅವನ ಮೈಮೇಲೆ ಯುನೈಟೆಡ್ ಅಂಗಿಯಿದ್ದಾಗ 13 ಮಂದಿಯಲ್ಲಿ 12 ಮಂದಿ ನಿಂತು ನೆರವಾದರು. ಬದ್ಧವೈರಿಯಾದ ಲಿವರ್‌ಪೂಲ್ ಕ್ಲಬ್ಬಿನ ಅಂಗಿಯಿದ್ದಾಗ ನೆರವಾದವರು 10 ಮಂದಿಯಲ್ಲಿ 3. ಗುರುತಿಲ್ಲದ ಬರಿಯ ಅಂಗಿಯಿದ್ದಾಗ 12ರಲ್ಲಿ 4. ಸಂಖ್ಯೆಗಳು ಚಿಕ್ಕವು, ಒಪ್ಪತಕ್ಕ ಮಾತೇ. ಆದರೆ ಅಂತರ ದೊಡ್ಡದು. ಪ್ರಯೋಗದ ಎರಡನೆಯ ಭಾಗದಲ್ಲಿ, ಕ್ಲಬ್ಬಿನ ಮಾತಿಗೆ ಬದಲಾಗಿ ಫುಟ್‌ಬಾಲ್ ಆಟದ ಮೇಲಿನ ಪ್ರೀತಿಯ ಬಗ್ಗೆ ಮೊದಲು ಬರೆಸಿದಾಗ, ಲಿವರ್‌ಪೂಲ್ ಅಂಗಿಯವನಿಗೂ ಬಹುಮಂದಿ ನೆರವಾದರು. ಬರಿಯ ಅಂಗಿಯವನು ಮಾತ್ರ ಅಲ್ಲಿಯೂ ನರಳುತ್ತಲೇ ಉಳಿದ. ‘ನಮ್ಮವರು’ ಎಂಬ ಗೆರೆ ಅತ್ತಿತ್ತ ಸರಿಯಬಲ್ಲದು, ಆದರೆ ಅದನ್ನು ಎಳೆಯುವುದು ಬಟ್ಟೆ ಎಂದಾಯಿತು.

ಹೀಗಿರಲು ಅಂಗಿಯನ್ನು ಬದಲಾಯಿಸುವುದೆಂದರೆ ಭಾಷೆಯಲ್ಲಿ ಒಂದು ಶಬ್ದದ ಅರ್ಥವನ್ನು ಬದಲಾಯಿಸಿದಂತೆ. ಕುರುಹಿನ ಬೆಲೆಯೆಲ್ಲ ಅದು ಬದಲಾಗದೆ ಇರುವುದರಲ್ಲಿದೆ. ಆ ಬಣ್ಣವೇ ಏಕೆ ಎಂದು ಕೇಳಿದರೆ ಉತ್ತರ ಸಿಗುವುದು ವಿರಳ, ಬೇಕಾಗಿಯೂ ಇಲ್ಲ.

ಇದಕ್ಕೆ ಇಟಲಿಯ ಟ್ಯೂರಿನ್ ನಗರದ ಯುವೆಂಟಸ್ ಕ್ಲಬ್ಬಿಗಿಂತ ಒಳ್ಳೆಯ ಉದಾಹರಣೆ ನನಗೆ ತಿಳಿಯದು. 1897ರಲ್ಲಿ ಅದನ್ನು ಕಟ್ಟಿದವರು ಪ್ರೌಢಶಾಲೆಯ ವಿದ್ಯಾರ್ಥಿಗಳು. ಹೆಸರಿನ ಅರ್ಥ ಲ್ಯಾಟಿನ್ ಭಾಷೆಯಲ್ಲಿ ಯೌವನ. ನಮ್ಮ ‘ಯುವ’ ಶಬ್ದಕ್ಕೆ ಅದು ದಾಯಾದಿ. ಅವರ ಮೊದಲ ಅಂಗಿ ತೆಳುಗೆಂಪು, ಅಂದರೆ ಗುಲಾಬಿ ಬಣ್ಣದ್ದು. ಒಗೆದಂತೆಲ್ಲ ಅದು ಮಾಸತೊಡಗಿತು. ಅಂದಿನ ರಂಗುಗಳಲ್ಲಿ ಹಲವು ಹತ್ತಿಯ ಎಳೆಗೆ ಸಡಿಲವಾಗಿ ಅಂಟಿಕೊಂಡು ನಿಲ್ಲುತ್ತಿದ್ದುವೇ ಹೊರತು ಅದರೊಡನೆ ರಾಸಾಯನಿಕವಾಗಿ ಕೂಡುತ್ತಿರಲಿಲ್ಲ. ಹಾಗೆ ಕೂಡುವ ರಂಗುಗಳು ಮಾರುಕಟ್ಟೆಗೆ ಬಂದದ್ದು 1956ರಲ್ಲಿ. ತೆಳುಬಣ್ಣದಲ್ಲಿ ರಂಗು ಮೊದಲೇ ಸ್ವಲ್ಪ. ಅದರಲ್ಲಿ ಕೊಂಚ ತೊಳೆದುಹೋದರೂ ಕಣ್ಣಿಗೆ ಕಾಣುತ್ತದೆ. ಬೇಸತ್ತ ಹುಡುಗರು 1903ರಲ್ಲಿ ತಮ್ಮ ಜೊತೆಗಿದ್ದ ಜಾನ್ ಸ್ಯಾವೇಜ್ ಎಂಬ ಆಂಗ್ಲೇಯನ ಮೂಲಕ ಇಂಗ್ಲೆಂಡಿನಿಂದ ಹೊಸ ಅಂಗಿ ತರಿಸಿದರು. ಬಂದುವು ನಾಟಿಂಗ್‌ಹ್ಯಾಮ್ ನಗರದ ನಾಟ್ಸ್ ಕೌಂಟಿ ಕ್ಲಬ್ಬಿನ ಕಪ್ಪು ಬಿಳುಪು ಪಟ್ಟೆಯ ಅಂಗಿಗಳು. ಅಂದಿನಿಂದ ಆ ಪಟ್ಟೆಯೇ ಯುವೆಂಟಸ್ ಎಂದಾಯಿತು. ಒಗೆತದಲ್ಲಿ ಬಣ್ಣ ನಿಲ್ಲದ್ದರಿಂದ ಒದಗಿದ ಆಕಸ್ಮಿಕ ಅದು! 2019ರಲ್ಲಿ ಕ್ಲಬ್ಬು ಪಟ್ಟೆಗಳನ್ನು ಕೈಬಿಟ್ಟು, ಅರ್ಧ ಕಪ್ಪು ಅರ್ಧ ಬಿಳುಪಿನ ಅಂಗಿಯನ್ನು ನಡುವೆ ಒಂದು ತೆಳ್ಳನೆಯ ಗುಲಾಬಿ ಗೆರೆಯೊಡನೆ ಹೊರತಂದಿತು. ಇತಿಹಾಸದ ದೃಷ್ಟಿಯಿಂದ ಗುಲಾಬಿಯೇ ಹಿರಿಯ ಬಣ್ಣ. ಆದರೂ ಅಭಿಮಾನಿಗಳಲ್ಲಿ ಅನೇಕರು ಇದು ಯುವೆಂಟಸ್ ಅಲ್ಲವೆಂದು ಮುನಿದರು. ಮರು ವರ್ಷವೇ ಪಟ್ಟೆಗಳು ಹಿಂದಿರುಗಿದುವು.

ಹೊಸದು ಕಂಡಾಗ ಮುನಿಯುವುದು ಮನುಷ್ಯನ ಸ್ವಭಾವ, ನಾಲ್ಕು ದಿನ ಕಳೆದರೆ ಒಗ್ಗುತ್ತದೆ, ಎಂದು ಕ್ಲಬ್ಬುಗಳ ಒಡೆಯರು ಹೇಳುವುದುಂಟು. ಈ ಮಾತಿನಲ್ಲಿ ಸತ್ಯವಿಲ್ಲದಿಲ್ಲ. ರಾಬರ್ಟ್ ಝಯಾನ್ಸ್ ಎಂಬ ವಿಜ್ಞಾನಿ 1968ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಚೀನೀ ಲಿಪಿಯನ್ನು ಅರಿಯದವರಿಗೆ ಆ ಲಿಪಿಯ ಅಕ್ಷರಗಳನ್ನು ಕೆಲವನ್ನು ಒಮ್ಮೆ, ಕೆಲವನ್ನು ಇಪ್ಪತ್ತೈದು ಸಲ ತೋರಿಸಿದರು. ಹೆಚ್ಚು ಸಲ ಕಂಡ ಅಕ್ಷರಗಳಿಗೆ ಒಳ್ಳೆಯ ಅರ್ಥವಿರಬೇಕೆಂದು ಜನ ಊಹಿಸಿದರು. ಬರಿಯ ಪರಿಚಯವೇ ಮೆಚ್ಚುಗೆಯನ್ನು ತರಬಲ್ಲದು. ಲಿವರ್‌ಪೂಲ್ ಕ್ಲಬ್ಬು 1964ರ ವರೆಗೆ ಕೆಂಪು ಅಂಗಿ, ಬಿಳಿಯ ಚಡ್ಡಿ ತೊಡುತ್ತಿತ್ತು. ಆಟಗಾರರು ಎತ್ತರವಾಗಿ, ಭೀಕರವಾಗಿ ಕಾಣಲೆಂದು ವ್ಯವಸ್ಥಾಪಕ ಬಿಲ್ ಶ್ಯಾಂಕ್ಲಿ ಚಡ್ಡಿಯನ್ನೂ ಕೆಂಪು ಮಾಡಿಸಿದ. ಇಂದು ಅದನ್ನು ಮತ್ತೆ ಬಿಳಿ ಮಾಡುತ್ತೇವೆಂದರೆ ದೊಡ್ಡ ದೊಂಬಿಯಾದೀತು. ಕೊರಳಪಟ್ಟಿ, ತೋಳಿನ ಅಂಚು, ಪಟ್ಟೆಯ ಅಗಲ ಇವುಗಳ ಮೇಲಿನ ಕೋಪವೆಲ್ಲ ಈ ಮೊದಲನೆಯ ಜಾತಿಯದು. ಪರಿಚಯವಾದಂತೆ ಅದು ಇಳಿಯುತ್ತದೆ. ಇದನ್ನು ನೋಡಿ ಯಾರಾದರೂ ನಕ್ಕರೆ ನಾನು ತಡೆಯಲಾರೆ.

ಎರಡನೆಯ ಜಾತಿಯ ಕೋಪ ಹಾಗಲ್ಲ. ವೇಲ್ಸ್ ನಾಡಿನ ಕಾರ್ಡಿಫ್ ಸಿಟಿ ಕ್ಲಬ್ಬು ಸುಮಾರು ಒಂದು ಶತಮಾನ ಕಾಲ ನೀಲಿ ತೊಟ್ಟಿತ್ತು. ಅದರ ಅಡ್ಡಹೆಸರೇ ‘ನೀಲಿ ಹಕ್ಕಿಗಳು’. ಮಲೇಷ್ಯಾದ ಉದ್ಯಮಿ ವಿನ್ಸೆಂಟ್ ಟ್ಯಾನ್ ಅದರ ಒಡೆಯನಾದ ಮೇಲೆ, 2012ರಲ್ಲಿ, ತವರಿನ ಅಂಗಿಯನ್ನು ಕೆಂಪು ಮಾಡುವ ಸೂಚನೆ ಬಂತು. ಪೂರ್ವದೇಶಗಳಲ್ಲಿ ಕೆಂಪು ಶುಭವರ್ಣ, ಅಲ್ಲಿನ ಪೇಟೆಗಳಲ್ಲಿ ಕ್ಲಬ್ಬಿನ ಹೆಸರು ಹಬ್ಬಲು ಅದು ಸಹಾಯಕ ಎಂಬುದು ವಾದ. ವಿರೋಧ ಬಂದುದರಿಂದ ಮೊದಲು ಹಿಂದೆಗೆದು, ಕೆಲವೇ ವಾರಗಳಲ್ಲಿ ಮತ್ತೆ ಜಾರಿಗೆ ತಂದರು. ಲಾಂಛನದಲ್ಲಿ ಕೆಂಪು ಘಟಸರ್ಪ ದೊಡ್ಡದಾಯಿತು, ನೀಲಿ ಹಕ್ಕಿ ಕಿರಿದಾಗಿ ಕೆಳಗಿಳಿಯಿತು. ಕೆಂಪು ಬಣ್ಣ ಗೆಲುವು ತರುತ್ತದೆಂಬುದಕ್ಕೆ ವಿಜ್ಞಾನದ ಬೆಂಬಲವೂ ಇದ್ದಂತೆ ಆಗ ಕಂಡಿತ್ತು. 2004ರ ಅಥೆನ್ಸ್ ಒಲಿಂಪಿಕ್ಸ್‌ನ ಕುಸ್ತಿ, ಮುಷ್ಟಿಯುದ್ಧ ಮೊದಲಾದ ಸ್ಪರ್ಧೆಗಳಲ್ಲಿ ಕೆಂಪು ಉಡುಪಿನವರು ನೂರರಲ್ಲಿ ಸುಮಾರು 55 ಸಲ ಗೆದ್ದರೆಂದು ಹಿಲ್ ಮತ್ತು ಬಾರ್ಟನ್ ಎಂಬವರು 2005ರಲ್ಲಿ ತೋರಿಸಿದ್ದರು. ಆಮೇಲಿನ ವರ್ಷಗಳ ಸ್ಪರ್ಧೆಗಳಲ್ಲಿ ಆ ಮೇಲುಗೈ ಕಾಣದಾಯಿತೆಂಬುದು ಬೇರೆ ಮಾತು.

ಮುಂದೆ ನಡೆದುದನ್ನು ಪ್ರಯೋಗವೆಂದೇ ಎಣಿಸಬಹುದು. ಕೆಂಪು ಅಂಗಿಯ ಮೊದಲ ವರ್ಷದಲ್ಲೇ ಕಾರ್ಡಿಫ್ ತನ್ನ ವರ್ಗದಲ್ಲಿ ಅಗ್ರಸ್ಥಾನ ಗಳಿಸಿ, 1962ರಿಂದ ಕೈಗೆಟುಕದಿದ್ದ ಮೇಲಿನ ವರ್ಗಕ್ಕೆ 2013ರಲ್ಲಿ ಏರಿತು. ಮನುಷ್ಯರು ಗೆಲುವಿಗೆ ಅಂಟಿಕೊಳ್ಳುತ್ತಾರೆಂಬುದು ತಿಳಿದ ವಿಷಯ. ಅಮೆರಿಕದಲ್ಲಿ ಚಿಯಾಲ್ಡೀನಿ ಮತ್ತು ಅವನ ಸಹೋದ್ಯೋಗಿಗಳು ಏಳು ವಿಶ್ವವಿದ್ಯಾನಿಲಯಗಳಲ್ಲಿ ಎಣಿಸಿ, ತಮ್ಮ ತಂಡ ಗೆದ್ದ ಮರುವಾರ ಸೋಮವಾರ ವಿದ್ಯಾಲಯದ ಗುರುತಿನ ಉಡುಪು ತೊಟ್ಟು ಬರುವ ವಿದ್ಯಾರ್ಥಿಗಳು ಹೆಚ್ಚೆಂದು 1976ರಲ್ಲಿ ಪ್ರಕಟಿಸಿದ್ದರು. ಗೆದ್ದರೆ ‘ನಾವು ಗೆದ್ದೆವು’, ಸೋತರೆ ‘ಅವರು ಸೋತರು’! ಈ ಲೆಕ್ಕದಂತೆ ಕಾರ್ಡಿಫ್ ಜನ ಕೆಂಪನ್ನು ಅಪ್ಪಿಕೊಳ್ಳಬೇಕಾಗಿತ್ತು. ಪರಿಚಯವೂ ಆಯಿತು, ಗೆಲುವೂ ಬಂತು, ಹಣವೂ ಬಂತು. ಹಾಗೆಂದು ಒಪ್ಪಿಕೊಂಡವರೂ ಕೆಲವರಿದ್ದರು. ಆದರೆ ಕೆಂಪು ಅಂಗಿಯ ತಂಡವನ್ನು ಹುರಿದುಂಬಿಸಲು ನೀಲಿ ತೊಟ್ಟು ಬರುವವರು ಇಲ್ಲವಾಗಲಿಲ್ಲ. ಕಡೆಗೆ 2015ರ ಜನವರಿಯಲ್ಲಿ, ಋತುವಿನ ನಡುವೆಯೇ, ಒಡೆಯ ಸೋತು ನೀಲಿಯನ್ನು ಹಿಂದಿರುಗಿಸಿದ. ಎರಡೂವರೆ ವರ್ಷಗಳಲ್ಲಿ ಆರದ ಕೋಪವನ್ನು ಹೊಸತರ ಮೇಲಿನ ಮುನಿಸೆಂದು ತಳ್ಳಿಹಾಕಲು ಹೇಗೆ ಸಾಧ್ಯ? ಪ್ರಾರಂಭದಿಂದಲೇ ಹಗೆಯಾಗಿ ಕಂಡ ವಸ್ತುವನ್ನು ಎಷ್ಟು ಸಲ ತೋರಿಸಿದರೂ ಮೆಚ್ಚುಗೆ ಹುಟ್ಟದೆಂಬುದನ್ನು ಝಯಾನ್ಸ್‌ನ ದಾರಿಯಲ್ಲಿ ನಡೆದವರೇ ಕಂಡುಕೊಂಡಿದ್ದಾರೆ.

ನಮ್ಮ ದೇಶದಲ್ಲೂ ಇದರ ಛಾಯೆ ಕಂಡಿದೆ. 1911ರಲ್ಲಿ ಬರಿಗಾಲಲ್ಲಿ ಆಡಿ ಆಂಗ್ಲ ಸೈನಿಕರ ತಂಡವನ್ನು ಸೋಲಿಸಿದ ಕಲ್ಕತ್ತೆಯ ಮೋಹನ್ ಬಾಗಾನ್, 2020ರಲ್ಲಿ ಬೇರೊಂದು ತಂಡದೊಡನೆ ಬೆರೆತಾಗ, ಅಭಿಮಾನಿಗಳನ್ನು ಕಾಡಿದ ದೊಡ್ಡ ಪ್ರಶ್ನೆ ಹಸಿರು ಮತ್ತು ಕಡುಗೆಂಪಿನ ಅಂಗಿ ಉಳಿಯುವುದೇ ಎಂಬುದು. ಉಳಿಯಿತು. 2013ರಲ್ಲಿ ಹುಟ್ಟಿದ ನಮ್ಮ ಬೆಂಗಳೂರು ಕ್ಲಬ್ಬಿನ ಅಭಿಮಾನಿಗಳ ಕೂಟ ತನ್ನ ಹೆಸರಿನಲ್ಲಿಯೇ ನೀಲಿಯನ್ನು ಸೇರಿಸಿಕೊಂಡಿದೆ. ಬಣ್ಣ ಹೆಸರಿಗೆ ಏರಿದ ಮೇಲೆ ಇಳಿಸುವುದು ಕಷ್ಟ.

ಇನ್ನು ವ್ಯಾಪಾರದ ಮಾತು. ಪ್ರತಿ ವರ್ಷ ಹೊಸ ಅಂಗಿ ಬೇಕೆಂಬ ಕಟ್ಟಳೆ ಎಲ್ಲಿಂದ ಬಂತು? ಹಿಂದೆ ಕೆಂಪು ತಂಡದ ಹುಡುಗನಿಗೆ ಯಾವುದಾದರೊಂದು ಕೆಂಪು ಅಂಗಿ ಸಾಕಾಗಿತ್ತು. ಬೆನ್ನ ಮೇಲೆ ಸಂಖ್ಯೆಯನ್ನು ಮನೆಯಲ್ಲೇ ಹೊಲಿದುಕೊಳ್ಳಬಹುದಾಗಿತ್ತು. ಬರಿಯ ಕೆಂಪಿಗೆ ಒಡೆಯನಿಲ್ಲ. 1970ರ ದಶಕದಲ್ಲಿ ಲೀಡ್ಸ್ ಯುನೈಟೆಡ್ ಕ್ಲಬ್ಬೂ ಅಡ್ಮಿರಲ್ ಎಂಬ ಉಡುಪಿನ ಸಂಸ್ಥೆಯೂ ಒಪ್ಪಂದ ಮಾಡಿಕೊಂಡ ಮೇಲೆ ಅಂಗಿಯ ಅಂಚಿಗೆ ವಿಶೇಷ ಪಟ್ಟಿ, ಎದೆಗೆ ತಯಾರಕನ ಮುದ್ರೆ ಬಂದುವು. ಅಂಚಿಗೂ ಮುದ್ರೆಗೂ ಒಡೆಯನುಂಟು. ಅದನ್ನು ಇತರರು ನಕಲು ಮಾಡುವಂತಿಲ್ಲ. ಹೀಗೆ ಯಾರದೂ ಅಲ್ಲದ ಬಣ್ಣ ಮಾರಾಟದ ಸರಕಾಯಿತು. 2003ರಲ್ಲಿ ಬ್ರಿಟನ್ನಿನ ವ್ಯಾಪಾರ ನಿಯಂತ್ರಣ ಇಲಾಖೆ, ಈ ಅಂಗಿಗಳ ಬೆಲೆ ಇಳಿಯದಂತೆ ತಮ್ಮೊಳಗೆ ಗೊತ್ತುಮಾಡಿಕೊಂಡುದಕ್ಕಾಗಿ ಹತ್ತು ಸಂಸ್ಥೆಗಳಿಗೆ ಒಟ್ಟು 1 ಕೋಟಿ 86 ಲಕ್ಷ ಪೌಂಡುಗಳ ದಂಡ ವಿಧಿಸಿತು. ಮೇಲ್ಮನವಿಯಲ್ಲಿ ಕೆಲವರ ದಂಡ ಇಳಿಯಿತಾದರೂ ಅಪರಾಧ ಅಳಿಯಲಿಲ್ಲ. ತನ್ನ ಗುಂಪನ್ನು ಬಿಟ್ಟುಹೋಗಲಾರದ ಗಿರಾಕಿಯಂತಹ ಗಿರಾಕಿ ವ್ಯಾಪಾರಿಗೆ ಇನ್ನೆಲ್ಲಿ ಸಿಕ್ಕಾನು!

ಇಲ್ಲಿ ಒಂದು ವಿಪರ್ಯಾಸವನ್ನು ಗಮನಿಸಬೇಕು. ಈಗಿನ ಅಂಗಿ ಪಾಲಿಯೆಸ್ಟರ್ ಎಳೆಯದು. 1941ರಲ್ಲಿ ವಿನ್‌ಫೀಲ್ಡ್ ಮತ್ತು ಡಿಕ್‌ಸನ್ ಎಂಬ ಇಬ್ಬರು ರಸಾಯನಶಾಸ್ತ್ರಜ್ಞರು ಅದನ್ನು ಕಂಡುಹಿಡಿದದ್ದು, ಫುಟ್‌ಬಾಲಿಗೆ ಹೆಸರಾದ ಮ್ಯಾಂಚೆಸ್ಟರಿನ ಒಂದು ಬಟ್ಟೆಮುದ್ರಣ ಸಂಸ್ಥೆಗಾಗಿ. ನಮ್ಮ ಹಿರಿಯರು ಟೆರಿಲೀನ್ ಎಂದು ಕೊಂಡಾಡಿದ ಬಟ್ಟೆ ಅದೇ. ಸಾಧಾರಣ ಹವೆಯಲ್ಲಿ ಹತ್ತಿ ತನ್ನ ತೂಕದ ನೂರಕ್ಕೆ ಏಳೆಂಟು ಪಾಲು ತೇವವನ್ನು ಹೀರಿಕೊಂಡಿರುತ್ತದೆ. ಪಾಲಿಯೆಸ್ಟರ್ ಅರ್ಧ ಪಾಲನ್ನೂ ಹೀರದು. ಬೆವರು ಎಳೆಗಳ ನಡುವಿನ ಸಂದುಗಳಲ್ಲಿ ಹರಡಿ ಬೇಗ ಆರುತ್ತದೆ. ನೀರನ್ನೇ ಒಳಗೊಳ್ಳದ ಇಂತಹ ಎಳೆಗೆ ಬಣ್ಣ ಹಾಕಲು ಒತ್ತಡದಲ್ಲಿ ಸುಮಾರು 130 ಡಿಗ್ರಿ ಸೆಂಟಿಗ್ರೇಡಿನವರೆಗೆ ಕಾಯಿಸಬೇಕು. ಆಗ ರಂಗಿನ ಅಣುಗಳು ಎಳೆಯ ಒಳಹೊಕ್ಕು, ತಣಿದ ಮೇಲೆ ಅಲ್ಲೇ ಸೆರೆಯಾಗುತ್ತವೆ. ಟ್ಯೂರಿನ್ ಹುಡುಗರ ಅಂಗಿಗೆ ಇದ್ದಿದ್ದರೆ ಆ ಗುಲಾಬಿ ಇನ್ನೂ ಉಳಿಯುತ್ತಿತ್ತೋ ಏನೋ. ಬಟ್ಟೆ ಬೇಗ ಮಾಸುತ್ತಿದ್ದ ಕಾಲದಲ್ಲಿ ಅಂಗಿಯ ರೂಪ ಹಲವು ವರ್ಷ ನಿಲ್ಲುತ್ತಿತ್ತು. ಹತ್ತು ವರ್ಷ ಬಾಳುವ ಬಟ್ಟೆ ಸಿಕ್ಕ ಮೇಲೆ ಅದರ ರೂಪ ಒಂದೇ ವರ್ಷಕ್ಕೆ ಹಳತಾಗುತ್ತದೆ. ಮಣ್ಣಿನಲ್ಲಿ ಬೇಗ ಕೊಳೆಯದ ಈ ಎಳೆಗಳು ಬಳಿಕ ಸೇರುವುದೆಲ್ಲಿ ಎಂಬುದನ್ನೂ ಯೋಚಿಸಬೇಕು.

ಆದುದರಿಂದ ಅಭಿಮಾನಿಗಳು ಕೊರಳಪಟ್ಟಿಯ ಮೇಲೆ ವೆಚ್ಚಮಾಡುವ ಕೋಪವನ್ನು ಉಳಿಸಿಕೊಂಡು, ವರ್ಷಕ್ಕೊಂದು ಅಂಗಿ ಕೊಳ್ಳುವುದಿಲ್ಲವೆಂದು ಹೇಳಿದ್ದರೆ ಲೇಸಾಗುತ್ತಿತ್ತೆಂದು ನನ್ನ ಮತ. ಹಳೆಯ ಅಂಗಿ ತೊಟ್ಟವನನ್ನು ಗುಂಪು ಹೊರಗಿಡುವುದಿಲ್ಲ. ಲಿವೈನ್‌ನ ಪ್ರಯೋಗದಲ್ಲಿ ಅಂಗಿ ಯಾವ ವರ್ಷದ್ದೆಂದು ಕೇಳಿ ನೆರವಾದವರನ್ನು ನಾನು ಕಾಣೆ. ಬಣ್ಣದ ವಿಷಯಕ್ಕೆ ಮಾತ್ರ ಬಿಟ್ಟುಕೊಡಬಾರದು. ಆ ಹಟಕ್ಕೆ ಈಗ ಶಾಸನದ ಬೆಂಬಲವೂ ದೊರೆತಿದೆ. ಬ್ರಿಟಿಷ್ ಪಾರ್ಲಿಮೆಂಟು 2025ರಲ್ಲಿ ಅಂಗೀಕರಿಸಿದ ಫುಟ್‌ಬಾಲ್ ಆಡಳಿತದ ಕಾಯಿದೆ, ಅಭಿಮಾನಿಗಳ ಬಹುಮತವಿಲ್ಲದೆ ಕ್ಲಬ್ಬು ತನ್ನ ಲಾಂಛನವನ್ನಾಗಲಿ ತವರಿನ ಅಂಗಿಯ ಪ್ರಧಾನ ವರ್ಣಗಳನ್ನಾಗಲಿ ಬದಲಾಯಿಸಕೂಡದೆಂದು ವಿಧಿಸುತ್ತದೆ. ಮೂರ್ಖರ ರಂಪವೆಂದು ನಗುತ್ತಿದ್ದ ಸಂಗತಿಯನ್ನು ಒಂದು ರಾಷ್ಟ್ರದ ಶಾಸನಸಭೆ ಹಕ್ಕೆಂದು ಒಪ್ಪಿಕೊಂಡದ್ದು ಚಿಕ್ಕ ಮಾತಲ್ಲ.

ಅದರಲ್ಲೂ ಒಂದು ಕೊರತೆಯುಂಟು. ಪ್ರಧಾನ ವರ್ಣ ನೀಲಿ ಎಂದರೆ ಯಾವ ನೀಲಿ? ಮೋಡದ ಹಗಲಿನಲ್ಲಿ ಒಂದಾಗಿ ಕಂಡ ಎರಡು ಬಟ್ಟೆಗಳು ಇರುಳಿನ ದೀಪದ ಕೆಳಗೆ ಬೇರೆಯಾಗಿ ಕಾಣುವುದುಂಟು. ಪ್ರತಿವರ್ಷ ಒಂದು ಛಾಯೆಯಷ್ಟೇ ಸರಿಸುತ್ತ ಹೋದರೆ ಹತ್ತು ವರ್ಷಕ್ಕೆ ನೀಲಿ ಎಲ್ಲಿಗೆ ಬೇಕಾದರೂ ಹೋಗಿ ತಲಪೀತು. ಇದಕ್ಕೆ ಉಪಾಯ ಭೌತಶಾಸ್ತ್ರದಲ್ಲಿ ಸಿದ್ಧವಾಗಿದೆ. ಬಟ್ಟೆಯಿಂದ ಹೊಮ್ಮುವ ಬೆಳಕನ್ನು ಬಿಡಿಸಿ ಅಳೆದು, ಯಾವುದೇ ಬಣ್ಣವನ್ನು ಮೂರು ಸಂಖ್ಯೆಗಳಲ್ಲಿ ಹೇಳುವ ಕ್ರಮವನ್ನು ಬೆಳಕಿನ ಅಂತರರಾಷ್ಟ್ರೀಯ ಆಯೋಗ 1931ರಲ್ಲೇ ಗೊತ್ತುಮಾಡಿತು. ಬಟ್ಟೆ ಗಿರಣಿಗಳಲ್ಲಿ ಅದು ದಿನಬಳಕೆಯ ಕೆಲಸ. ಕ್ಲಬ್ಬುಗಳು ತಮ್ಮ ದಾಖಲೆ ಪುಸ್ತಕದ ಮೊದಲ ಹಾಳೆಯಲ್ಲಿ, ಗೆದ್ದ ಪಂದ್ಯಗಳ ಪಟ್ಟಿಗೂ ಮುಂಚೆ, ಆ ಮೂರು ಸಂಖ್ಯೆಗಳನ್ನೂ ಯಾವ ಬೆಳಕಿನಲ್ಲಿ ಅಳೆದದ್ದೆಂಬುದನ್ನೂ ಬರೆದಿಡಲಿ. ಬಟ್ಟೆಯ ತುಂಡನ್ನು ಮಾದರಿಗೆಂದು ಇಟ್ಟರೆ ಅದು ಎಂದಾದರೂ ಮಾಸೀತು.